ಅಳಿಯ ರಾಮರಾಯ ಮತ್ತು ನನ್ನ ಮಾಕ್ ಟೆಸ್ಟ್

ಹೋದ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್‌ಗೆ ಬಂದ ಕಂಪನಿಯೊಂದರ ಆಪ್ಟಿಟ್ಯೂಡ್ ರೌಂಡ್‌ನಲ್ಲೇ ನಾನು ಹೊರಬಿದ್ದೆ. ಲೆಕ್ಕ ಬಂತು, ಕೋಡಿಂಗ್ ಬಂತು, ಇಂಗ್ಲಿಷೂ ಹೇಗೋ ದಾಟಿತು. ಕೈಕೊಟ್ಟಿದ್ದು ಕ್ರಿಟಿಕಲ್ ರೀಸನಿಂಗ್, ಅದರಲ್ಲೂ ಪ್ಯಾರಡಾಕ್ಸ್ ಪ್ರಶ್ನೆಗಳು. ಆಮೇಲೆ ಮನೆಯಲ್ಲಿ ಕೂತು ಬರೆದ ಮಾಕ್ ಟೆಸ್ಟ್‌ಗಳಲ್ಲೂ ಅದೇ ಕಥೆ. ಐದು ಪ್ಯಾರಡಾಕ್ಸ್ ಇದ್ದರೆ ಒಂದು ಸರಿ, ಅದೂ ಕಣ್ಣುಮುಚ್ಚಿ ಒತ್ತಿದ್ದು.

ಈ ಪ್ರಶ್ನೆಗಳನ್ನು ನೋಡದವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಊರಿನ ಲೈಬ್ರರಿಗೆ ಬರುವವರು ಹೆಚ್ಚಾದರು, ಆದರೆ ಪುಸ್ತಕವನ್ನು ಮನೆಗೆ ಒಯ್ಯುವವರು ಕಡಿಮೆಯಾದರು. ಹೇಗೆ? ಲೆಕ್ಕ ಬರೆಯುವವನು ತಪ್ಪು ಬರೆದಿದ್ದಾನೆ ಎಂಬ ಆಪ್ಶನ್ ಇರುತ್ತದೆ. ಅದು ಕೊಟ್ಟ ಸಂಗತಿಯನ್ನೇ ಸುಳ್ಳು ಎನ್ನುತ್ತದೆ, ಹಾಗಾಗಿ ತಪ್ಪು. ಪುಸ್ತಕಗಳು ಚೆನ್ನಾಗಿಲ್ಲ ಎಂಬುದು ಅರ್ಧವನ್ನಷ್ಟೇ ವಿವರಿಸುತ್ತದೆ; ಹಾಗಿದ್ದರೆ ಜನ ಬರುವುದೇಕೆ? ಅಲ್ಲೇ ಕೂತು ಓದಲು ರಾತ್ರಿವರೆಗೆ ತೆರೆದಿರುವ ಕೋಣೆ ಮಾಡಿದ್ದಾರೆ ಎಂಬುದು ಸರಿ. ಎರಡೂ ಸಂಗತಿ ನಿಜವಾಗಿಯೇ ಉಳಿಯಬೇಕು, ಮೂರನೆಯದೊಂದು ಬಂದು ಅವೆರಡನ್ನೂ ಒಟ್ಟಿಗೆ ಕೂರಿಸಬೇಕು. ನಿಯಮ ಇಷ್ಟೇ. ನಿಯಮ ಬಾಯಿಪಾಠ ಇದ್ದರೂ ನನ್ನ ಬೆರಳು ಮಾತ್ರ ಯಾವಾಗಲೂ ಯಾವುದೋ ಒಂದು ಸಂಗತಿಯನ್ನು ಸುಳ್ಳು ಮಾಡುವ ಆಪ್ಶನ್ ಕಡೆಗೇ ಹೋಗುತ್ತಿತ್ತು.

ಅದು ಸರಿಯಾಗತೊಡಗಿದ್ದು ಯೂಟ್ಯೂಬ್ ನೋಡಿ ಅಲ್ಲ, ಕಾಲೇಜು ಕ್ಯಾಂಟೀನಿನಲ್ಲಿ ನಡೆದ ಒಂದು ಜಗಳದಿಂದ. ನಮ್ಮ ಗುಂಪಿನಲ್ಲಿ ಒಬ್ಬ ಸಂಡೂರಿನವನು, ಒಬ್ಬ ಕಂಪ್ಲಿಯವನು, ನಾನು ಹೊಸಪೇಟೆ. ನನ್ನ ಅಪ್ಪ ಹಂಪಿಯಲ್ಲಿ ಗೈಡ್. ಚಿಕ್ಕಂದಿನಿಂದ ರಜಾ ದಿನಗಳಲ್ಲಿ ಅಪ್ಪನ ಹಿಂದೆ ನೀರಿನ ಬಾಟಲಿ ಹಿಡಿದು ಸುತ್ತಿದ್ದರಿಂದ ತಾಳಿಕೋಟೆ ಯುದ್ಧದ ಕಥೆ ನನಗೆ ಮಗ್ಗಿಯಷ್ಟೇ ಸಲೀಸು. ಆ ದಿನ ಹಂಪಿ ಹಾಳಾಗಿದ್ದು ಯಾಕೆ ಎಂಬ ಮಾತು ಬಂತು. ಐವರು ಸುಲ್ತಾನರೂ ಒಂದೇ ಧರ್ಮದವರು, ಒಂದಾದರು, ಮುಗಿಸಿದರು, ಇದರಲ್ಲಿ ಯೋಚಿಸುವುದೇನಿದೆ ಎಂದ ಸಂಡೂರಿನವನು. ಅಲ್ಲ, ರಾಮರಾಯನ ಸೈನ್ಯದಲ್ಲಿದ್ದ ಗಿಲಾನಿ ಸಹೋದರರು ಯುದ್ಧದ ನಡುವೆ ತಿರುಗಿಬಿದ್ದರು, ಅದೇ ಕಾರಣ ಎಂದ ಕಂಪ್ಲಿಯವನು. ಅಪ್ಪ ಪ್ರವಾಸಿಗರಿಗೆ ಹೇಳುವುದೂ ಅದನ್ನೇ. ಟೀ ಆರಿತು, ಲ್ಯಾಬ್‌ಗೆ ತಡವಾಯಿತು, ಇಬ್ಬರೂ ಎರಡು ದಿನ ಮಾತಾಡಲಿಲ್ಲ.

ರಾತ್ರಿ ಮಾಕ್ ಟೆಸ್ಟ್ ಬರೆಯುವಾಗ ಹೊಳೆಯಿತು. ಇಬ್ಬರೂ ನನ್ನ ಹಾಗೆಯೇ ಆಪ್ಶನ್ ಆರಿಸುತ್ತಿದ್ದಾರೆ. ಮರುದಿನದಿಂದ ಅಪ್ಪನ ಕಪಾಟಿನಲ್ಲಿದ್ದ, ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆ ಓದತೊಡಗಿದೆ. ಆಮೇಲೆ ದಖ್ಖನಿನ ಎಂಟು ಜನರ ಬದುಕನ್ನು ಹಿಡಿದು ರಿಚರ್ಡ್ ಈಟನ್ 2005ರಲ್ಲಿ ತಂದ ಪುಸ್ತಕ ಸಿಕ್ಕಿತು. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ಅಳಿಯ ರಾಮರಾಯನದು. ಓದುತ್ತಾ ಹೋದರೆ ಆ ಮನುಷ್ಯನ ಬದುಕೇ ಒಂದು ಪ್ಯಾರಡಾಕ್ಸ್ ಪ್ರಶ್ನೆಪತ್ರಿಕೆ.

ರಾಮರಾಯ ಅರವೀಡು ಮನೆತನದವನು. ಅವನ ಕೆಲಸ ಶುರುವಾಗಿದ್ದು ವಿಜಯನಗರದಲ್ಲಲ್ಲ, ಗೋಲ್ಕೊಂಡದಲ್ಲಿ. ನನಗೆ ಇದು ಗೊತ್ತೇ ಇರಲಿಲ್ಲ, ಅಪ್ಪನಿಗೂ. ಗೋಲ್ಕೊಂಡದ ಚರಿತ್ರೆಕಾರನೊಬ್ಬ ಬರೆದಿರುವಂತೆ, 1512ರಲ್ಲಿ ಸುಲ್ತಾನ್ ಕುಲಿ ಗಡಿಯ ಕೆಲವು ಸೀಮೆಗಳನ್ನು ಗೆದ್ದು, ಅದರಲ್ಲೊಂದನ್ನು ರಾಮರಾಯನ ಕೈಗೆ ಕೊಟ್ಟ. ಮೂರು ವರ್ಷದ ಮೇಲೆ ಬಿಜಾಪುರದ ಸೈನ್ಯ ಬಂದಾಗ ರಾಮರಾಯ ಜಾಗ ಬಿಟ್ಟು ಗೋಲ್ಕೊಂಡಕ್ಕೆ ಓಡಿದ. ಹೇಡಿ ಎಂದು ಸುಲ್ತಾನ ಅವನನ್ನು ಕೆಲಸದಿಂದ ತೆಗೆದ. ಮೊದಲ ಕೆಲಸದಿಂದಲೇ ಡಿಸ್ಮಿಸ್. ಅಲ್ಲಿಂದ ಅವನು ಬಂದಿದ್ದು ನಮ್ಮ ಹಂಪಿಗೆ. ಕೃಷ್ಣದೇವರಾಯ ಅವನನ್ನು ಸೇರಿಸಿಕೊಂಡಿದ್ದಷ್ಟೇ ಅಲ್ಲ, ಮಗಳು ತಿರುಮಲಾಂಬೆಯನ್ನೂ ಕೊಟ್ಟ. ಅಳಿಯ ಎಂಬ ಮಾತು ಹೆಸರಿಗೆ ಅಂಟಿಕೊಂಡಿದ್ದು ಹಾಗೆ.

ಓಡಿಬಂದ ಹೇಡಿಯನ್ನು ಆ ಕಾಲದ ಅತಿ ದೊಡ್ಡ ರಾಜ ಅಳಿಯನನ್ನಾಗಿ ಮಾಡಿಕೊಂಡಿದ್ದು ಹೇಗೆ? ಗೋಲ್ಕೊಂಡದವರು ಸುಳ್ಳು ಬರೆದಿದ್ದಾರೆ ಎನ್ನಲು ನನ್ನ ಬೆರಳು ತುಡಿಯಿತು. ತಡೆದುಕೊಂಡೆ. ಆ ಕಾಲದ ಸರದಾರರು ಒಂದು ಆಸ್ಥಾನ ಬಿಟ್ಟು ಇನ್ನೊಂದಕ್ಕೆ ಹೋಗುವುದು ಮಾಮೂಲು. ಇಂದು ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದ ಹಾಗೆ. ಎದುರಾಳಿಯ ಆಸ್ಥಾನವನ್ನು ಒಳಗಿನಿಂದ ಕಂಡವನಿಗೆ ಈ ಕಡೆ ಬೆಲೆ ಹೆಚ್ಚೇ ಹೊರತು ಕಡಿಮೆಯಲ್ಲ. ಒಂದು ಕಡೆ ಫೇಲ್ ಆದವನು ಇನ್ನೊಂದು ಕಡೆ ಬೇಕಾದವನಾಗಬಹುದು. ಈ ಉತ್ತರವನ್ನು ನಾನು ಸ್ವಲ್ಪ ಹೆಚ್ಚೇ ಇಷ್ಟಪಟ್ಟೆ, ಕಾರಣ ಹೇಳಬೇಕಿಲ್ಲ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಪಟ್ಟ ಸಿಕ್ಕಿದ್ದು ತಮ್ಮ ಅಚ್ಯುತರಾಯನಿಗೆ. ರಾಮರಾಯ ಕಾಯುತ್ತ ಬಲ ಕೂಡಿಸಿಕೊಂಡ. ಬಿಜಾಪುರದ ಇಬ್ರಾಹಿಂ ಆದಿಲ್ ಶಾ ತನ್ನ ಸೇನೆಯಿಂದ ವಿದೇಶಿ ಮೂಲದ ಸೈನಿಕರನ್ನು ಕೈಬಿಟ್ಟಾಗ ಅವರಲ್ಲಿ 3,000 ಮಂದಿಯನ್ನು ಕರೆದು ಕೆಲಸ ಕೊಟ್ಟವನು ಇವನೇ. 1542ರಲ್ಲಿ ಅಚ್ಯುತರಾಯನೂ ತೀರಿದ. ಅವನ ಎಳೆಯ ಮಗನನ್ನು ಸಲಕರಾಜು ತಿರುಮಲ ಕೊಲ್ಲಿಸಿ ಅಧಿಕಾರ ಹಿಡಿದ. ರಾಮರಾಯ ಅವನನ್ನು ಸೋಲಿಸಿ ರಾಜಧಾನಿಯನ್ನು ಕೈಗೆ ತೆಗೆದುಕೊಂಡ.

ಆದರೆ ಸಿಂಹಾಸನದ ಮೇಲೆ ಕೂರಿಸಿದ್ದು ಸದಾಶಿವರಾಯನನ್ನು. ಸೈನ್ಯ ತನ್ನದು, ಖಜಾನೆ ತನ್ನದು, ಪಟ್ಟ ಬೇರೆಯವನದು. ಈ ಪ್ರಶ್ನೆ ಸುಲಭ: ಅಳಿಯನ ಮೈಯಲ್ಲಿ ಹರಿಯುತ್ತಿದ್ದುದು ತುಳುವ ವಂಶದ ರಕ್ತವಲ್ಲ. ವಂಶದ ಹೆಸರಿಗೆ ತಲೆಬಾಗುತ್ತಿದ್ದ ನಾಯಕರು ಅವನ ಹೆಸರಿಗೆ ಬಾಗುತ್ತಿರಲಿಲ್ಲ. ಹಾಗಾಗಿ ಶಾಸನಗಳು ಸದಾಶಿವನ ಹೆಸರಲ್ಲೇ ಹೊರಟವು, ಸದಾಶಿವ ಮಾತ್ರ ಕಾವಲಿನಲ್ಲಿದ್ದ.

ಇಲ್ಲಿಂದ ಇಪ್ಪತ್ತೆರಡು ವರ್ಷ ರಾಮರಾಯನದೇ ಆಟ. ಉತ್ತರದಲ್ಲಿ ಐದು ಸುಲ್ತಾನರ ರಾಜ್ಯಗಳು: ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್, ಬೇರಾರ್. ಅವರವರಲ್ಲೇ ಜಗಳ. ಯಾರು ಸೋಲುವಂತಿದ್ದರೋ ಅವರು ಹಂಪಿಗೆ ಬರುತ್ತಿದ್ದರು, ಯಾರ ಕಡೆ ರಾಮರಾಯ ನಿಂತನೋ ಆ ಕಡೆ ಗೆಲುವು. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಅಣ್ಣನಿಗೆ ಹೆದರಿ 1543ರಲ್ಲಿ ಓಡಿಬಂದು ಏಳು ವರ್ಷ ವಿಜಯನಗರದಲ್ಲಿ ಅತಿಥಿಯಾಗಿದ್ದ. 1550ರಲ್ಲಿ ಇಲ್ಲಿಂದಲೇ ಹೋಗಿ ಸುಲ್ತಾನನಾದ. ಬಿಜಾಪುರದ ಅಲಿ ಆದಿಲ್ ಶಾನದಂತೂ ಇನ್ನೂ ಹತ್ತಿರದ ಸಂಬಂಧ. ರಾಮರಾಯನ ಮಗ ತೀರಿಹೋದಾಗ ಅವನು ಕೆಲವೇ ಸವಾರರೊಂದಿಗೆ ಸಮಾಧಾನ ಹೇಳಲು ಬಂದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದಳು. ಸ್ವಂತ ಮಗನನ್ನು ಕಳೆದುಕೊಂಡ ತಾಯಿ ಮತ್ತು ಪಕ್ಕದ ರಾಜ್ಯದ ಯುವ ಸುಲ್ತಾನ. ಕಮಲಾಪುರದ ಆಚೆ, ಈಗ ಬರೀ ತಳಪಾಯದ ಕಲ್ಲುಗಳಿರುವ ಅರಮನೆ ಆವರಣ ದಾಟುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ದೊಡ್ಡ ಪ್ರಶ್ನೆ. ಎರಡು ದಶಕ ಸುಲ್ತಾನರು ಒಬ್ಬರ ಮೇಲೊಬ್ಬರು ಎತ್ತಿಹೋಗಲು ರಾಮರಾಯನ ನೆರವನ್ನೇ ಕೇಳಿದರು. ಆದರೂ 1565ರಲ್ಲಿ ಒಟ್ಟಾಗಿ ಅವನ ಮೇಲೆಯೇ ಬಂದರು. ಹೇಗೆ?

ಸಂಡೂರಿನ ಗೆಳೆಯನ ಉತ್ತರ ಧರ್ಮ. ಅದು ಮೊದಲ ಸಂಗತಿಯನ್ನೇ ಅಳಿಸುತ್ತದೆ. ಧರ್ಮ 1543ರಲ್ಲೂ ಅದೇ ಇತ್ತು, 1558ರಲ್ಲಿ ಬಿಜಾಪುರ ರಾಮರಾಯನ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋದಾಗಲೂ ಅದೇ ಇತ್ತು. ಇನ್ನೊಂದು ವಿಷಯ, ಐವರೂ ಬರಲಿಲ್ಲ. ಬೇರಾರ್ ಹೊರಗೇ ಉಳಿಯಿತು, ಅಹ್ಮದ್‌ನಗರದ ಮೇಲಿನ ಹಗೆಯಿಂದ. ಕಂಪ್ಲಿಯ ಗೆಳೆಯನ ಗಿಲಾನಿ ಸಹೋದರರ ಉತ್ತರ ಬೇರೆ ರೀತಿ ತಪ್ಪು. ಅದು ಯುದ್ಧದ ದಿನ ಏನಾಯಿತು ಎಂಬುದಕ್ಕೆ ಉತ್ತರವಾಗಬಹುದು. ಸುಲ್ತಾನರು ಅದಕ್ಕೆ ಎಷ್ಟೋ ಮೊದಲೇ ಒಂದಾಗಿದ್ದು ಯಾಕೆ ಎಂಬುದಕ್ಕೆ ಅಲ್ಲ.

ಮೂರನೆಯ ಸಂಗತಿ ರಾಮರಾಯನ ಗೆಲುವುಗಳ ಒಳಗೇ ಇತ್ತು. ಸಹಾಯಕ್ಕೆ ಹೋದಾಗಲೆಲ್ಲ ಅವನು ಬರಿಗೈಯಲ್ಲಿ ಬರಲಿಲ್ಲ. ಇಬ್ರಾಹಿಂನಿಂದ ಪಾನಗಲ್ ಮೊದಲಾದ ಕೋಟೆಗಳನ್ನು ಕಿತ್ತುಕೊಂಡ. ಅಲಿ ಆದಿಲ್ ಶಾ ರಾಯಚೂರು, ಮುದ್ಗಲ್ ಕೋಟೆಗಳನ್ನು ವಾಪಸ್ ಕೇಳಿ ಕಳಿಸಿದ ರಾಯಭಾರಿಯನ್ನು ಹೊರಗಟ್ಟಿದ. ಅಲಿ ದುಃಖ ಕೇಳಲು ಬಂದು ಮರಳುವಾಗ ರಾಮರಾಯ ಊರ ಹೊರಗಿನವರೆಗೆ ಕಳಿಸಿಕೊಡಲು ಬರಲಿಲ್ಲವೆಂಬ ನೋವು ಅವನಿಗೆ ಉಳಿದಿತ್ತೆಂದು ಫೆರಿಷ್ತಾ ಬರೆಯುತ್ತಾನೆ. ಬಂದವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡದಿದ್ದರೆ ನಮ್ಮ ಮನೆಗಳಲ್ಲೂ ಇದೇ ಮಾತು ವರ್ಷಗಟ್ಟಲೆ ಉಳಿಯುತ್ತದಲ್ಲ. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾನ ಕಥೆ ಇನ್ನೂ ಕಹಿ. ಸೋತು ಕಲ್ಯಾಣದ ಕೋಟೆ ಬಿಟ್ಟುಕೊಡಲು ರಾಮರಾಯನ ಡೇರೆಗೇ ಬಂದವನು, ಅವನ ಕೈ ಮುಟ್ಟಿದ ಮೇಲೆ ನೀರು ತರಿಸಿ ಕೈ ತೊಳೆದುಕೊಂಡನಂತೆ. ಅದನ್ನು ಕಂಡು ರಾಮರಾಯನೂ ನೀರು ತರಿಸಿ ತೊಳೆದುಕೊಂಡನಂತೆ.

ಇಷ್ಟಾದರೂ ಅವರು ಒಂದಾಗುವಂತಿರಲಿಲ್ಲ. ಬಿಜಾಪುರ ಮತ್ತು ಅಹ್ಮದ್‌ನಗರದ ನಡುವೆ ಸೊಲ್ಲಾಪುರದ ಕೋಟೆ ಎಂಬ ಮುಳ್ಳಿತ್ತು. ಆ ಕೋಟೆಗಾಗಿ ಎರಡೂ ಮನೆತನ ವರ್ಷಾನುಗಟ್ಟಲೆ ಬಡಿದಾಡಿದ್ದವು. 1564ರ ಹೊತ್ತಿಗೆ ಮದುವೆ ಮಾತುಕತೆ ನಡೆದು, ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾನಿಗೆ ಕೊಟ್ಟರು. ಮುಂದೆ ಮೊಘಲರ ಎದುರು ಅಹ್ಮದ್‌ನಗರದ ಕೋಟೆ ಕಾಯ್ದ ಚಾಂದ್ ಬೀಬಿ ಇವಳೇ. ಅವಳ ಜೊತೆ ವರದಕ್ಷಿಣೆಯಾಗಿ ಬಂದಿದ್ದು ಸೊಲ್ಲಾಪುರ. ಅಲಿಯ ತಂಗಿ ಹುಸೇನನ ಮಗನಿಗೆ ಹೆಂಡತಿಯಾಗಿ ಹೋದಳು. ರಾಮರಾಯ ಇಪ್ಪತ್ತೆರಡು ವರ್ಷ ಕಾಲಿಟ್ಟು ನಿಂತಿದ್ದ ಬಿರುಕು ಒಂದು ಮದುವೆಯಲ್ಲಿ ಮುಚ್ಚಿಹೋಯಿತು. ಎಲ್ಲರಿಗೂ ಬೇಕಾಗಿದ್ದವನು ಎಲ್ಲರಿಗೂ ಭಾರವಾಗಿದ್ದ. ಈಗ ಅವನು ಬೇಕಿರಲಿಲ್ಲ.

ಇದನ್ನು ಕ್ಯಾಂಟೀನಿನಲ್ಲಿ ಹೇಳಿದಾಗ ಕಂಪ್ಲಿಯವನು ಸುಲಭಕ್ಕೆ ಒಪ್ಪಲಿಲ್ಲ. ಬೇರೆ ಧರ್ಮದವರಿಗೆ ಆಶ್ರಯ ಕೊಟ್ಟಿದ್ದೇ ತಪ್ಪು ಎಂದು ವಾದಿಸಿದ. ಅವನ ಊರಿನದೇ ಕಥೆ ನೆನಪಿಸಿದೆ. ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪ್ ಎಂಬವನಿಗೆ ಆಶ್ರಯ ಕೊಟ್ಟಿದ್ದು ಕುಮಾರರಾಮನ ತಂದೆ ಕಂಪಿಲರಾಯ. ಅವನನ್ನು ಒಪ್ಪಿಸಲಿಲ್ಲ, 1327ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಕುಮಾರರಾಮನ ಹೆಸರು ಬಂದಮೇಲೆ ಕಂಪ್ಲಿಯವರು ವಾದ ಮಾಡುವುದಿಲ್ಲ. ಅವನು ಟೀ ಕುಡಿದು ಸುಮ್ಮನಾದ. ಸಂಡೂರಿನವನು ಸೊಲ್ಲಾಪುರ ಎಂದರೆ ಚಾದರ ಅಂದುಕೊಂಡಿದ್ದೆನಲ್ಲ ಎಂದು ನಕ್ಕ.

1565ರ ಜನವರಿ 23ರಂದು ಕೃಷ್ಣಾ ನದಿಯ ದಂಡೆಯಲ್ಲಿ ಯುದ್ಧವಾದಾಗ ರಾಮರಾಯನಿಗೆ ಎಂಬತ್ತರ ಆಸುಪಾಸು. ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಎರಡು ಪಕ್ಕಗಳಲ್ಲಿ, ಇವನು ನಡುವೆ. ಹಿಡಿದು ತಂದಾಗ ತಲೆ ಕಡಿಸಿದ್ದು ಕೈ ತೊಳೆದುಕೊಂಡಿದ್ದ ಹುಸೇನನೇ. ತಲೆಯನ್ನು ಈಟಿಗೆ ಸಿಕ್ಕಿಸಿ ಎತ್ತಿದ್ದನ್ನು ಕಂಡು ಸೈನ್ಯ ಚದುರಿತು. ತಿರುಮಲ ರಾಜಧಾನಿಗೆ ಬಂದು, ಖಜಾನೆ ಹೇರಿಕೊಂಡು ಸದಾಶಿವನ ಸಮೇತ ಪೆನುಕೊಂಡೆಗೆ ಹೋದ. ಊರು ತಿಂಗಳುಗಟ್ಟಲೆ ಲೂಟಿಯಾಯಿತು.

ಎರಡು ವರ್ಷದ ಮೇಲೆ, 1567ರಲ್ಲಿ, ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವ್ಯಾಪಾರಿ ಬಂದು ಇಲ್ಲಿ ಏಳು ತಿಂಗಳು ಇದ್ದ. ಮನೆಗಳು ಇನ್ನೂ ನಿಂತಿವೆ, ಆದರೆ ಜನರಿಲ್ಲ ಎಂದು ಅವನು ಬರೆದಿಟ್ಟ. ಲೂಟಿಯಾದ ಊರಲ್ಲಿ ಮನೆ ನಿಂತಿದ್ದು ಹೇಗೆ, ನಿಂತ ಮನೆಗೆ ಜನ ಬಾರದಿದ್ದು ಹೇಗೆ? ಇದನ್ನು ಅಪ್ಪನಿಗೇ ಕೇಳಿದೆ. ಅಪ್ಪ ಯೋಚಿಸಲೇ ಇಲ್ಲ. ಅರಮನೆ ಪೆನುಕೊಂಡೆಗೆ ಹೋದಮೇಲೆ ಮುತ್ತು ಮಾರುವವನು, ಕುದುರೆ ಮಾರುವವನು, ಹೂ ಕಟ್ಟುವವಳು ಇಲ್ಲಿ ಯಾರಿಗೆ ಮಾರಬೇಕು ಎಂದರು. ಕೊರೊನಾ ವರ್ಷ ಪ್ರವಾಸಿಗರಿಲ್ಲದ ಹಂಪಿಯಲ್ಲಿ ಎಲ್ಲ ಕಲ್ಲೂ ಇದ್ದಲ್ಲೇ ಇತ್ತು, ನಮ್ಮ ಮನೆಯಲ್ಲಿ ದುಡ್ಡಿರಲಿಲ್ಲ ಎಂದೂ ಸೇರಿಸಿದರು. ನಾನು ಎಂಜಿನಿಯರಿಂಗ್‌ಗೇ ಹೋಗಬೇಕೆಂದು ಅವರು ಹಟ ಹಿಡಿದಿದ್ದು ಆ ವರ್ಷ. ಇಷ್ಟು ಇತಿಹಾಸ ಬಲ್ಲ ಮನುಷ್ಯ ನನಗೆ ಇತಿಹಾಸ ಓದಲು ಬಿಡದಿದ್ದುದು ಯಾಕೆ ಎಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ.

ಕಳೆದ ಭಾನುವಾರ ಬೆಂಗಳೂರಿನ ಒಂದು ಕುಟುಂಬದ ಜೊತೆ ಅಪ್ಪ ವಿಠಲ ದೇವಸ್ಥಾನದಲ್ಲಿದ್ದರು, ನಾನೂ ಹೋಗಿದ್ದೆ. ಕಲ್ಲಿನ ರಥದ ಮುಂದೆ ನಿಂತು ಎಂದಿನಂತೆ ಗಿಲಾನಿ ಸಹೋದರರ ಕಥೆ ಹೇಳಿದರು. ನನ್ನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಸೊಲ್ಲಾಪುರದ ಕೋಟೆ, ಚಾಂದ್ ಬೀಬಿಯ ಮದುವೆ ಎಲ್ಲ ಶುರುಮಾಡಿದರು. ಹತ್ತು ನಿಮಿಷ ಹೆಚ್ಚಾಯಿತು. ಆ ಮನೆಯ ಯಜಮಾನರು ಗಡಿಯಾರ ನೋಡಿಕೊಂಡರು, ಅವರ ಮಗಳು ಮಾತ್ರ ಚಾಂದ್ ಬೀಬಿಗೆ ಆಗ ವಯಸ್ಸೆಷ್ಟು ಎಂದು ಕೇಳಿದಳು. ಅಪ್ಪ ನನ್ನ ಮುಖ ನೋಡಿದರು.

ಆ ರಾತ್ರಿಯ ಮಾಕ್ ಟೆಸ್ಟ್‌ನಲ್ಲಿ ಐದಕ್ಕೆ ನಾಲ್ಕು. ಮುಂದಿನ ತಿಂಗಳು ಇನ್ನೊಂದು ಕಂಪನಿ ಬರುತ್ತಿದೆ.