ಪರಿಮಳಾಚಾರ್ಯರು

ಶ್ರಾವಣ ಬಹುಳ ದ್ವಿತೀಯೆಯು ಶ್ರೀರಾಘವೇಂದ್ರತೀರ್ಥ ಗುರುಸಾರ್ವಭೌಮರ ಮಧ್ಯಾರಾಧನೆಯ ಪುಣ್ಯದಿನ. ಬೃಂದಾವನಕ್ಕೆ ಪ್ರದಕ್ಷಿಣೆ ಬರುವಾಗ ನಾವೆಲ್ಲರೂ ಅವರನ್ನು ಕಾಮಿತಾರ್ಥಪ್ರದರೆಂದೇ ನೆನೆಯುತ್ತೇವೆ. ಅವರಿಗೆ ಪೂರ್ವಾಶ್ರಮದಲ್ಲಿಯೇ ದೊರೆತ ಪರಿಮಳಾಚಾರ್ಯರೆಂಬ ಬಿರುದಿನ ಅರ್ಥವನ್ನು ಚಿಂತಿಸುವವರು ವಿರಳ.

ಭುವನಗಿರಿಯ ತಿಮ್ಮಣ್ಣಭಟ್ಟ, ಗೋಪಿಕಾಂಬೆಯರ ಪುತ್ರರಾದ ವೇಂಕಟನಾಥರು ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಸನ್ನಿಧಿಯಲ್ಲಿ ಶ್ರೀಮನ್ನ್ಯಾಯಸುಧೆಯನ್ನು ಅಧ್ಯಯನ ಮಾಡಿದರು. 564 ಬ್ರಹ್ಮಸೂತ್ರಗಳಿಗೆ ಶ್ರೀಮದಾಚಾರ್ಯರ ಅನುವ್ಯಾಖ್ಯಾನ. ಅದಕ್ಕೆ ಟೀಕಾಕೃತ್ಪಾದರಾದ ಶ್ರೀಜಯತೀರ್ಥರ ಸುಧೆ. ಆ ಸುಧೆಯೋ ಪಂಡಿತರಿಗೂ ಸುಲಭವಲ್ಲ. ಹಗಲಿನ ಪಾಠದಲ್ಲಿ ಕಠಿನವೆನಿಸಿದ ಪಂಕ್ತಿಗಳಿಗೆ ವೇಂಕಟನಾಥರು ರಾತ್ರಿ ಕುಳಿತು ವಿವರಣೆ ಬರೆದಿಡುತ್ತಿದ್ದರು. ಒಂದು ರಾತ್ರಿ ಗುರುಗಳು ಬಂದು ನೋಡಲು, ಶಿಷ್ಯನು ಹೊದಿಕೆಯೂ ಇಲ್ಲದೆ ಬರಿನೆಲದ ಮೇಲೆ ಮಲಗಿದ್ದನಂತೆ. ಪಕ್ಕದ ಓಲೆಗಳಲ್ಲಿ ಪಾಠದಲ್ಲಿ ಬಗೆಹರಿಯದೆ ಉಳಿದಿದ್ದ ಸ್ಥಳಕ್ಕೆ ಸಮಾಧಾನವಿತ್ತು. ಗುರುಗಳು ತಮ್ಮ ಶಾಟಿಯನ್ನೇ ಅವರಿಗೆ ಹೊದಿಸಿ, ಮುಂದೆ ಪರಿಮಳಾಚಾರ್ಯರೆಂದು ಗೌರವಿಸಿದರೆಂಬುದು ಸಂಪ್ರದಾಯ. ಸುಧೆಯ ಸುಗಂಧವನ್ನು ಓದುಗನಿಗೆ ಮುಟ್ಟಿಸುವ ಆ ಗ್ರಂಥವೇ ಸುಧಾಪರಿಮಳ.

ಗೃಹಸ್ಥಾಶ್ರಮದಲ್ಲಿ ಬಡತನವು ಅವರನ್ನು ಬಹುವಾಗಿ ಕಾಡಿತು. ಉಪವಾಸದ ದಿನಗಳಿಗೂ ಕೊರತೆಯಿರಲಿಲ್ಲ. ಆದರೂ ಪಾಠಪ್ರವಚನಗಳು ನಿಲ್ಲಲಿಲ್ಲ. 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸಿ, 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸುವವರೆಗಿನ 50 ವರ್ಷ ಪೀಠವನ್ನಾಳಿದರು. ತತ್ತ್ವಪ್ರಕಾಶಿಕೆಗೆ ಭಾವದೀಪ, ಸೂತ್ರಗಳಿಗೆ ತಂತ್ರದೀಪಿಕಾ, ಉಪನಿಷತ್ತುಗಳಿಗೆ ಖಂಡಾರ್ಥ, ಗೀತೆಗೆ ವಿವೃತಿ - ಹೀಗೆ ಅವರ ಕೃತಿಗಳಲ್ಲಿ ಬಹುಪಾಲು ಮೂಲಗ್ರಂಥದ ಕೈಹಿಡಿದು ನಡೆಸುವ ವ್ಯಾಖ್ಯಾನಗಳೇ. ತಮ್ಮ ಪಾಂಡಿತ್ಯವನ್ನು ಮೆರೆಸುವುದಲ್ಲ, ಪೂರ್ವಾಚಾರ್ಯರ ಮಾತನ್ನು ತಿಳಿಯಾಗಿಸುವುದೇ ಅವರ ದೀಕ್ಷೆಯಾಗಿತ್ತು.

ಚಂದಾಪುರ, ಬೊಮ್ಮಸಂದ್ರಗಳ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮವರಿಗೆ ಗುರುಮುಖದಿಂದ ಸುಧಾಪಾಠ ಕೇಳುವ ಅವಕಾಶ ದುರ್ಲಭವಿರಬಹುದು. ಗೀತಾವಿವೃತಿಯಾದರೋ ಕನ್ನಡ ಅನುವಾದದೊಡನೆಯೂ ದೊರೆಯುತ್ತದೆ. ಮೊದಲು ಮೂಲಶ್ಲೋಕವನ್ನು ಎರಡು ಸಲ ಪಠಿಸಿ, ತಮಗೆ ತೋಚಿದ ಅರ್ಥವನ್ನು ಮನಸ್ಸಿಗೆ ತಂದುಕೊಂಡು, ಅನಂತರ ವಿವೃತಿಯನ್ನು ನೋಡಿ, ಮತ್ತೆ ಮೂಲಕ್ಕೆ ಮರಳಬೇಕು. ತಿಳಿಯದುದನ್ನು ಬರೆದಿಟ್ಟು, ಪ್ರವಚನದ ದಿನ ಆಚಾರ್ಯರನ್ನು ಕೇಳಬೇಕು. ದಿನಕ್ಕೊಂದು ಶ್ಲೋಕವಾದರೂ 700 ಶ್ಲೋಕಗಳು ಎರಡು ವರ್ಷದೊಳಗೆ ಮುಗಿಯುತ್ತವೆ.

ವ್ಯಾಖ್ಯಾನವು ಮೂಲಕ್ಕೆ ಬದಲಲ್ಲ, ಮೂಲಕ್ಕೆ ದಾರಿ. ಗುರುಗಳು ನಿದ್ದೆಗೆಟ್ಟು ಬರೆದ ಗ್ರಂಥಗಳು ನಮ್ಮ ದೇವರಮನೆಯಲ್ಲಿ ಅರಿಶಿನ ಕುಂಕುಮದೊಡನೆ ಪೂಜೆಗೊಂಡು ಮುಚ್ಚಿಯೇ ಉಳಿದರೆ ಆರಾಧನೆ ಪೂರ್ಣವಾದೀತೆ? ಈ ಆರಾಧನೆಯಂದು ಮನೆಮನೆಯಲ್ಲಿ ಒಂದು ಶ್ಲೋಕವಾದರೂ ಆರಂಭವಾಗಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.