ಸಮರಕನ್ಯೆಯರ ಕಥೆಗಾರ ಸ್ನೊರ್ರಿ

ಅಟ್ಲಾಂಟಿಕ್ ಮಹಾಸಾಗರದ ಉತ್ತರಭಾಗದಲ್ಲಿ, ಹಿಮಗಡ್ಡೆಯೂ ಬೆಂಕಿಯ ಬೆಟ್ಟವೂ ನೆರೆಹೊರೆಯಾಗಿರುವ ಐಸ್‌ಲೆಂಡ್ ಎಂಬ ದ್ವೀಪವಿದೆ. ಅಲ್ಲಿಯ ಹ್ವಾಮ್ ಎಂಬ ಸ್ಥಳದಲ್ಲಿ 1179ರಲ್ಲಿ ಸ್ನೊರ್ರಿ ಸ್ತುರ್ಲುಸನ್ ಜನಿಸಿದನು. ಸ್ತುರ್ಲುಸನ್ ಎಂದರೆ ಸ್ತುರ್ಲಾ ಎಂಬವನ ಮಗನೆಂದರ್ಥ. ಈ ಸ್ತುರ್ಲಾ ಊರಿಗೆ ಹಿರಿಯನು, ಜಗಳಕ್ಕೂ ಹಿರಿಯನು.

ಸ್ನೊರ್ರಿಯ ಭಾಗ್ಯೋದಯಕ್ಕೆ ಒಬ್ಬ ಹೆಂಗಸಿನ ಕೈಯ ಚೂರಿಯೇ ಕಾರಣವಾಯಿತೆಂದರೆ, ಬಾಲಮಿತ್ರರೇ, ನೀವು ನಗಬಹುದು. ಒಂದು ಆಸ್ತಿಯ ವ್ಯಾಜ್ಯದಲ್ಲಿ ಎದುರಾಳಿಯಾದ ಪಾದ್ರಿಯ ಮಡದಿ ಥೋರ್ಬ್ಯೋರ್ಗಳು ಸಹನೆಗೆಟ್ಟು ಸ್ತುರ್ಲಾನ ಕಣ್ಣಿಗೆ ಗುರಿಯಿಟ್ಟು ಚೂರಿ ಬೀಸಿದಳು. ಪುರಾಣದ ದೇವರಾಜನಾದ ಓಡಿನ್ ಒಕ್ಕಣ್ಣನು. ಅವನಂತಾಗಲು ಹಂಬಲಿಸುವ ನಿನ್ನನ್ನು ಹಾಗೆಯೇ ಮಾಡುತ್ತೇನೆಂಬುದು ಆಕೆಯ ಕುಹಕ. ಏಟು ತಪ್ಪಿ ಕೆನ್ನೆಗೆ ತಗುಲಿತು. ಸ್ತುರ್ಲಾ ವಿಪರೀತ ದಂಡವನ್ನು ಕೇಳಿದನು. ಆಗ ನಾಡಿನಲ್ಲೆಲ್ಲ ಮಾನ್ಯನಾಗಿದ್ದ ಜೋನ್ ಲೋಪ್ಟ್ಸನ್ ಎಂಬವನು ನಡುವೆ ಬಂದು ದಂಡವನ್ನು ತಗ್ಗಿಸಿ, ಸ್ತುರ್ಲಾನ ಸಮಾಧಾನಕ್ಕಾಗಿ ಅವನ ಕಿರಿಯ ಮಗನನ್ನು ತನ್ನ ಮನೆಯಲ್ಲಿ ಸಾಕುವೆನೆಂದು ಒಪ್ಪಿಕೊಂಡನು.

ಜೋನನ ಮನೆಯಿದ್ದ ಓಡ್ಡಿ ಆ ಕಾಲದ ವಿದ್ಯಾಕೇಂದ್ರ. ಕಾನೂನು, ಇತಿಹಾಸ, ಹಳೆಯ ಕವಿತೆಗಳು, ಇವುಗಳ ನಡುವೆ ಹುಡುಗನು ಬೆಳೆದನು. 1199ರಲ್ಲಿ ಧನಿಕನ ಮಗಳನ್ನು ವರಿಸಿ ಭೂಮಿಕಾಣಿಗಳಿಗೆ ಒಡೆಯನಾದನು. 1215ರಲ್ಲಿ ದೇಶದ ಮಹಾಸಭೆಯಲ್ಲಿ ಕಾನೂನನ್ನು ಹೇಳುವ ಉನ್ನತ ಪದವಿ ಅವನಿಗೆ ದೊರೆಯಿತು. ಹಣದಾಸೆ, ಅಧಿಕಾರದಾಸೆ ಎರಡೂ ಅವನಿಗೆ ಧಾರಾಳವಾಗಿಯೇ ಇದ್ದುವು. ಅದನ್ನು ಮರೆಮಾಚಿ ಹೇಳುವುದು ಚರಿತ್ರೆಯಾಗದು. 1218ರಲ್ಲಿ ನಾರ್ವೆಗೆ ಹೋಗಿ, ಹಾಕೋನ್ ದೊರೆಯ ಮತ್ತು ಸ್ಕೂಲಿ ಎಂಬ ಸಾಮಂತನ ಆದರಕ್ಕೆ ಪಾತ್ರನಾಗಿ, ಐಸ್‌ಲೆಂಡನ್ನು ಆ ದೊರೆಗೆ ಅಧೀನಗೊಳಿಸಲು ಸಹಾಯಮಾಡುವೆನೆಂದು ಮಾತುಕೊಟ್ಟು ಬಂದನು. ಆ ಮಾತನ್ನು ಅವನು ನಡೆಸಲಿಲ್ಲ.

ಆದರೆ ಮರಳಿ ಬಂದಮೇಲೆ, ಸುಮಾರು 1220ರಲ್ಲಿ, ಅವನು ಕೈಗೊಂಡ ಕಾರ್ಯವೇ ಬೇರೆ. ಐಸ್‌ಲೆಂಡಿನವರು ಕ್ರೈಸ್ತರಾಗಿ ಆಗಲೇ ಎರಡು ಶತಮಾನಗಳು ಕಳೆದಿದ್ದುವು. ಹಳೆಯ ದೇವತೆಗಳ ಕಥೆ ಮರೆಯುತ್ತಿತ್ತು. ನಮ್ಮ ಕವಿಗಳು ಸೂರ್ಯನನ್ನು ಕಮಲಸಖನೆನ್ನುವಂತೆ, ಅಲ್ಲಿಯ ಕವಿಗಳು ಯುದ್ಧವನ್ನು ವಾಲ್ಕಿರಿಯರ ಬಿರುಗಾಳಿ ಎನ್ನುತ್ತಿದ್ದರು. ವಾಲ್ಕಿರಿಯರೆಂದರೆ ಯಾರೆಂದೇ ತಿಳಿಯದ ತರುಣನಿಗೆ ಆ ಕವಿತೆ ಹೇಗೆ ತಾನೆ ಅರ್ಥವಾದೀತು? ಸ್ನೊರ್ರಿ ಸ್ವತಃ ಕ್ರೈಸ್ತನು. ಈ ದೇವತೆಗಳನ್ನು ನಂಬಬೇಡಿರಿ, ಆದರೆ ಕಥೆಗಳನ್ನು ಕಳೆದುಕೊಳ್ಳಬೇಡಿರಿ ಎಂಬ ನಿಲುವಿನಿಂದ ಅವನು 'ಎಡ್ಡಾ' ಎಂಬ ಗ್ರಂಥವನ್ನು ರಚಿಸಿದನು.

ವಾಲ್ಕಿರಿ ಎಂದರೆ ರಣದಲ್ಲಿ ಮಡಿಯುವವರನ್ನು ಆರಿಸುವವಳು. ಓಡಿನ್ ಈ ಕನ್ಯೆಯರನ್ನು ಎಲ್ಲ ಕಾಳಗಗಳಿಗೂ ಕಳುಹುವನು. ಯಾರಿಗೆ ಸಾವು, ಯಾರಿಗೆ ಜಯ ಎಂಬುದು ಅವರ ಕೈಯಲ್ಲಿದೆ. ಆರಿಸಲ್ಪಟ್ಟ ವೀರರು ಐನೂರನಾಲ್ವತ್ತು ಬಾಗಿಲುಗಳ ವಾಲ್‌ಹಾಲ್ ಎಂಬ ಸಭಾಮಂದಿರವನ್ನು ಸೇರಿ, ಹಗಲೆಲ್ಲ ಕಾದಾಡಿ, ಊಟದ ಹೊತ್ತಿಗೆ ಜೊತೆಗೂಡಿ ಕುಳಿತುಕೊಳ್ಳುವರು. ಅಲ್ಲಿ ಪಾನಪಾತ್ರೆಗಳನ್ನು ನೋಡಿಕೊಂಡು ಬಡಿಸುವವರೂ ಅದೇ ವಾಲ್ಕಿರಿಯರು! ರಣದಲ್ಲಿ ವೀರನ ಆಯುಷ್ಯವನ್ನೇ ತೂಗುವ ಕೈಗೆ ಮನೆಯಲ್ಲಿ ಬಡಿಸುವ ಕೆಲಸ ತಪ್ಪಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸದೆ ಇರಲಾರರು.

ನನಗಂತೂ ಸ್ಕಾಡಿಯ ಕಥೆಯೇ ಹೆಚ್ಚು ಪ್ರಿಯ. ದೇವತೆಗಳು ಆಕೆಯ ತಂದೆಯಾದ ದೈತ್ಯನನ್ನು ಕೊಂದಾಗ, ಶಿರಸ್ತ್ರಾಣ ಕವಚಗಳನ್ನು ಧರಿಸಿ, ಆಯುಧಗಳನ್ನು ಹಿಡಿದು, ಆಕೆ ಒಬ್ಬಳೇ ದೇವನಗರಿಗೆ ನಡೆದಳು. ದೇವತೆಗಳು ಸಂಧಿಗೆ ಬಂದು, ತಮ್ಮಲ್ಲೊಬ್ಬನನ್ನು ಪತಿಯಾಗಿ ಆರಿಸಿಕೊಳ್ಳಬಹುದು, ಆದರೆ ಪಾದಗಳನ್ನು ಮಾತ್ರ ನೋಡಿ, ಎಂದರು. ಸುಂದರನಾದ ಬಾಲ್ಡರನ ಪಾದಗಳೆಂದು ಭ್ರಮಿಸಿ ಆಕೆ ಆರಿಸಿದ್ದು ಕಡಲಿನ ದೇವತೆ ನ್ಯೋರ್ಡನನ್ನು! ಆಕೆಗೆ ಬೆಟ್ಟವೇ ಬೇಕು, ಅವನಿಗೆ ಕಡಲೇ ಬೇಕು, ಸಂಸಾರ ನೆಲೆಗೊಳ್ಳಲಿಲ್ಲ. ಹಿಲ್ಡ್ ಎಂಬವಳ ಕಥೆಯಾದರೋ ಭಯಂಕರವಾದುದು. ತಂದೆಗೂ, ತನ್ನನ್ನು ಕೊಂಡೊಯ್ದವನಿಗೂ ನಡೆದ ಯುದ್ಧದಲ್ಲಿ ಸತ್ತವರನ್ನು ಆಕೆ ರಾತ್ರಿ ಮಂತ್ರಬಲದಿಂದ ಎಬ್ಬಿಸುವಳು. ಬೆಳಗಾದರೆ ಅದೇ ಯುದ್ಧ. ಜಗತ್ತಿನ ಪ್ರಳಯದವರೆಗೂ ಅದು ಮುಗಿಯದು.

ಸ್ನೊರ್ರಿಯ ನಾಡಿನಲ್ಲಿಯೂ ಮನೆತನಗಳ ಕಲಹ ಹೀಗೆಯೇ ನಿಲ್ಲದೆ ನಡೆದಿತ್ತು. 1237ರಲ್ಲಿ ಅವನು ಮತ್ತೆ ನಾರ್ವೆಗೆ ಹೋದನು. 1239ರಲ್ಲಿ ದೊರೆಯ ಅಪ್ಪಣೆಯನ್ನು ಮೀರಿ ಊರಿಗೆ ಮರಳಿದನು. ಅದೇ ವರ್ಷ ಸ್ಕೂಲಿ ದಂಗೆಯೆದ್ದು, ಮರುವರ್ಷ ಹತನಾದನು. ಅವನ ಮಿತ್ರನಾದ ಸ್ನೊರ್ರಿಯ ಮೇಲೆ ದೊರೆಯ ಕೋಪ ತಿರುಗಿತು. ಸ್ನೊರ್ರಿಯನ್ನು ಹಿಡಿದು ಕಳುಹಿಸು, ಇಲ್ಲವೇ ಕೊಲ್ಲು ಎಂಬ ಆಜ್ಞೆ ಗಿಸೂರನೆಂಬವನಿಗೆ ಬಂದಿತು. ಈ ಗಿಸೂರನು ಹಿಂದೊಮ್ಮೆ ಸ್ನೊರ್ರಿಯ ಅಳಿಯನಾಗಿದ್ದವನು! 1241ರ ಸೆಪ್ಟೆಂಬರ್ 23ರ ರಾತ್ರಿ ಗಿಸೂರನ ಜನರು ರೇಕ್‌ಹೋಲ್ಟಿನ ಮನೆಗೆ ನುಗ್ಗಿದರು. ವೃದ್ಧನು ನೆಲಮಾಳಿಗೆಯಲ್ಲಿ ಅಡಗಿದ್ದನು. ಐವರು ಕೆಳಗಿಳಿದರು. ಹೊಡೆಯಬಾರದೆಂದು ಅವನು ಹೇಳಿದರೂ ಅವರು ಕೇಳಲಿಲ್ಲ.

ಐಸ್‌ಲೆಂಡು 1262ರಲ್ಲಿ ನಾರ್ವೆಯ ದೊರೆಗೆ ತಲೆಬಾಗಿತು. ರೇಕ್‌ಹೋಲ್ಟಿನಲ್ಲಿ ಸ್ನೊರ್ರಿಯ ಹೆಸರಿನ ದುಂಡಗಿನ ಕಲ್ಲಿನ ಕೊಳವೊಂದಿದೆ. ಭೂಗರ್ಭದ ಬಿಸಿನೀರು ಅದರಲ್ಲಿ ಇಂದಿಗೂ ಹರಿದು ಬರುತ್ತಿದೆ.