ವಚನಪಿತಾಮಹ ಹಳಕಟ್ಟಿಯವರ ಪರಿಗ್ರಹವಿವೇಕ

ಮನುಷ್ಯನು ತನ್ನ ಬಳಿಯಲ್ಲಿ ಯಾವ ವಸ್ತುವನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು, ದಿನದ ಯಾವ ಹೊತ್ತನ್ನು ಯಾವ ಕಾರ್ಯಕ್ಕೆ ಮೀಸಲಿಡಬೇಕು ಎಂಬದು ಮೇಲುನೋಟಕ್ಕೆ ಗೃಹಕೃತ್ಯದ ಸಾಮಾನ್ಯ ವಿಚಾರವೆಂದು ತೋರುವದು. ಶಿವಶರಣರ ದೃಷ್ಟಿಯಲ್ಲಿ ಅದು ಧರ್ಮದ ವಿಚಾರವೇ ಆಗಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಸತಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವು ಸದ್ಭಕ್ತರಿಗೆಲ್ಲ ತಿಳಿದದ್ದೇ. ಆ ಅಕ್ಕಿ ಕದ್ದದ್ದಲ್ಲ, ಬೇಡಿ ತಂದದ್ದೂ ಅಲ್ಲ. ಆದರೂ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದದ್ದು ಮನೆಯ ಹೊಸ್ತಿಲನ್ನು ದಾಟಬಾರದೆಂಬದು ಆ ಶರಣೆಯ ನಿಶ್ಚಯವಾಗಿತ್ತು. ಹನ್ನೆರಡನೆಯ ಶತಮಾನದ ಆ ನಿಶ್ಚಯವನ್ನು ಇಪ್ಪತ್ತನೆಯ ಶತಮಾನದಲ್ಲಿ, ನಿತ್ಯವೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಿದ್ದ ಒಬ್ಬ ವಕೀಲರು ತಮ್ಮ ಬಾಳಿನಲ್ಲಿ ಮೂರ್ತಿಗೊಳಿಸಿದರು. ಅವರೇ ವಚನಪಿತಾಮಹರೆಂದು ನಾಡು ಕೊಂಡಾಡುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯಬಲ್ಲವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವು ಅಜ್ಜಿಯ ಮಡಿಲಲ್ಲಿ ಬೆಳೆಯಿತು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡವು ತಲೆಯೆತ್ತುತ್ತಲಿದ್ದ ಕಾಲವದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿಕೊಂಡಾಗ ಅವರು ಹತ್ತು ವರ್ಷದ ಬಾಲಕರು. ಧಾರವಾಡದಲ್ಲಿಯೇ ವಿದ್ಯಾಭ್ಯಾಸ ಮಾಡಿ, 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಮುಂದಿನ ಅಧ್ಯಯನಕ್ಕೆ ಮುಂಬಯಿಯನ್ನು ಸೇರಿದರು. ಅಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯ ವಿಷಯದಲ್ಲಿ ತೋರುತ್ತಿದ್ದ ಅಭಿಮಾನವನ್ನು ಕಣ್ಣಾರೆ ಕಂಡದ್ದು ಅವರ ಮನಸ್ಸಿನಲ್ಲಿ ಬೇರೂರಿತು. 1904ರಲ್ಲಿ ಕಾನೂನಿನ ಪದವಿಯನ್ನು ಪಡೆದು ಮೊದಲು ಬೆಳಗಾವಿಯಲ್ಲಿ, ಅನಂತರ ವಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲಿಯನ್ನು ಆರಂಭಿಸಿದರು.

ಆ ದಿನಗಳಲ್ಲಿ ಜಿಲ್ಲಾಸ್ಥಳದ ವಕೀಲನ ಬಾಳಿಗೆ ಒಂದು ಗೊತ್ತಾದ ಹಾದಿಯಿತ್ತು. ಕೈತುಂಬ ಕಕ್ಷಿದಾರರು, ಸ್ವಂತದ ಮನೆ, ಹೊಲ, ಮನೆತನದ ಪ್ರತಿಷ್ಠೆ, ಸರಕಾರದ ಮನ್ನಣೆ ಇವು ಒಂದರ ಹಿಂದೊಂದು ಬರತಕ್ಕವು. ಹಳಕಟ್ಟಿಯವರಿಗೂ ಇವು ದೊರೆಯದೆ ಇರಲಿಲ್ಲ. ಮನೆಯಾಯಿತು, ಹೆಸರಾಯಿತು, ಕಾಲಕ್ರಮದಲ್ಲಿ ಮುಂಬಯಿ ಶಾಸನಸಭೆಯ ಸದಸ್ಯತ್ವವೂ ರಾವಬಹಾದ್ದೂರರೆಂಬ ಬಿರುದೂ ಬಂದವು. ಆದರೆ ಅದಕ್ಕೂ ಮೊದಲೇ ಬನಹಟ್ಟಿಯಲ್ಲಿ ಅವರ ಕಣ್ಣಿಗೆ ಬಿದ್ದ ಕೆಲವು ತಾಡವೋಲೆಯ ಕಟ್ಟುಗಳು ಅವರ ಬಾಳಿನ ಹಾದಿಯನ್ನು ಬೇರೊಂದು ಕಡೆಗೆ ತಿರುಗಿಸಿದ್ದವು. ಅವುಗಳಲ್ಲಿ ಪ್ರಭುದೇವರ ವಚನಗಳಿದ್ದವು.

ಶರಣರ ವಚನಗಳು ಆಗ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳು ಹೇರಳವಾಗಿದ್ದವು. ಬಹಳ ಕಡೆಗಳಲ್ಲಿ ಅವುಗಳನ್ನು ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟು ವಿಭೂತಿ ಪತ್ರೆಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಅಪರೂಪ. ಪೂಜೆಯ ಒಳಗೇ ಹುಳುಗಳು ಗರಿಗಳನ್ನು ತಿನ್ನುತ್ತಿದ್ದವು. ಒಂದು ವಸ್ತುವನ್ನು ಭಕ್ತಿಯಿಂದ ಇಟ್ಟುಕೊಂಡೂ ಅದರ ಪ್ರಯೋಜನವನ್ನು ಪಡೆಯದೆ ಇರುವದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಹಿರಿಯರನ್ನು ಒಡಂಬಡಿಸಿ, ಆ ಕಟ್ಟುಗಳನ್ನು ಸಂಪಾದಿಸತೊಡಗಿದರು. ಕೆಲವರು ಪ್ರೀತಿಯಿಂದ ಕೊಟ್ಟರು, ಕೆಲವರು ನಕಲು ಮಾಡಿಕೊಳ್ಳಲು ಮಾತ್ರ ಒಪ್ಪಿದರು.

ಆ ಕಾರ್ಯವು ಎಷ್ಟು ತಾಳ್ಮೆಯನ್ನು ಬೇಡುವದೆಂಬದು ಓಲೆಗರಿಯನ್ನು ಹಿಡಿದು ನೋಡಿದವರಿಗೇ ಗೊತ್ತು. ಕಂಠದಿಂದ ಕೊರೆದ ಅಕ್ಷರಗಳು ಮಾಸಿರುವವು. ಮಸಿಯನ್ನು ಲೇಪಿಸಿ ಒರೆಸಿದ ಮೇಲೆಯೇ ಅವು ಕಣ್ಣಿಗೆ ಕಾಣುವವು. ಪದಗಳ ನಡುವೆ ತೆರಪಿಲ್ಲ, ವಾಕ್ಯದ ಕೊನೆಗೆ ಗುರುತಿಲ್ಲ. ಒಂದೇ ವಚನವು ಒಂದು ಪ್ರತಿಯಲ್ಲಿ ಒಂದು ಬಗೆಯಾಗಿಯೂ ಮತ್ತೊಂದರಲ್ಲಿ ಇನ್ನೊಂದು ಬಗೆಯಾಗಿಯೂ ಇರುವದು. ಅಂಕಿತವನ್ನು ನೋಡಿ ವಚನವು ಯಾರದೆಂದು ನಿರ್ಣಯಿಸಬೇಕು, ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಗೊತ್ತುಪಡಿಸಬೇಕು, ಅನಂತರ ಕಾಗದದ ಮೇಲೆ ಕೈಯಿಂದ ಬರೆದುಕೊಳ್ಳಬೇಕು. ನ್ಯಾಯಾಲಯದ ಹೊತ್ತನ್ನು ಬಿಟ್ಟು ಉಳಿದ ಹೊತ್ತೆಲ್ಲವೂ ಈ ಕಾಯಕಕ್ಕೆ ಸಲ್ಲತೊಡಗಿತು. ಬರಬರುತ್ತ ನ್ಯಾಯಾಲಯದ ಹೊತ್ತೇ ಕುಗ್ಗಿತು. ಕಕ್ಷಿದಾರನನ್ನು ಕಳೆದುಕೊಂಡರೆ ಅವನು ಬೇರೆ ವಕೀಲನ ಬಳಿಗೆ ಹೋಗುವನು. ಗರಿಯೊಂದು ಹುಡಿಯಾಗಿ ಹೋದರೆ ಅದರಲ್ಲಿದ್ದ ನುಡಿಯು ಮರಳಿ ದೊರೆಯಲಾರದು. ಈ ಕಾಯಕದ ಫಲವಾಗಿ, ಅಲ್ಲಿಯವರೆಗೆ ಕೆಲವೇ ಹೆಸರುಗಳು ತಿಳಿದಿದ್ದ ನಾಡಿಗೆ ಇನ್ನೂರಕ್ಕೂ ಹೆಚ್ಚು ವಚನಕಾರರ ಪರಿಚಯವಾಯಿತು.

ಹಳಕಟ್ಟಿಯವರು ಧನವನ್ನು ಹೀನವೆಂದು ಬಗೆದ ವಿರಕ್ತರೆಂದು ಇಲ್ಲಿ ಯಾರೂ ಭಾವಿಸಬಾರದು. ಅವರು ಸಂಸಾರಿಗಳು, ಹಣದ ಬೆಲೆಯನ್ನು ಚೆನ್ನಾಗಿ ಅರಿತವರು. 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟುವದರಲ್ಲಿ ಮುಂದಾಳಾದರು. ಊರಿನ ಜನರಿಗೆ ಸಾಲ ಸಿಗಬೇಕು, ಮಕ್ಕಳಿಗೆ ವಿದ್ಯೆ ಸಿಗಬೇಕು ಎಂದು ಇತರರ ಹಣವನ್ನು ಜೋಪಾನ ಮಾಡುವ ಸಂಸ್ಥೆಗಳನ್ನು ನಿಲ್ಲಿಸಿದ ಕೈಗಳೇ ತಮ್ಮ ಹಣವನ್ನು ಮಾತ್ರ ಕೂಡಿಡಲಿಲ್ಲ. ಇದು ಅಜ್ಞಾನದಿಂದಾಗಲಿ ಔದಾಸೀನ್ಯದಿಂದಾಗಲಿ ಆದದ್ದಲ್ಲ, ತಿಳಿದು ಮಾಡಿದ ಆಯ್ಕೆ.

ಆ ಆಯ್ಕೆಯ ಪರೀಕ್ಷೆಯು ಮುದ್ರಣದ ಸಮಯದಲ್ಲಿ ಬಂದಿತು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಲಾಗಿ, ಅದು ಅಚ್ಚಾಗದೆ ಮರಳಿ ಬಂದಿತು. ಅನಂತರ ಬೆಳಗಾವಿಯಲ್ಲಿ ಅಚ್ಚಾಗಿ ಅದರ ಪ್ರಥಮ ಭಾಗವು 1923ರಲ್ಲಿ ಬೆಳಕನ್ನು ಕಂಡಿತು. ಒಂದು ಗ್ರಂಥಕ್ಕೇ ಇಷ್ಟು ಪಾಡುಪಡಬೇಕಾದರೆ, ಇನ್ನೂ ಕಟ್ಟುಗಳಲ್ಲಿಯೇ ಉಳಿದ ಸಹಸ್ರಾರು ವಚನಗಳ ಗತಿಯೇನೆಂಬ ಚಿಂತೆಯು ಅವರನ್ನು ಬಾಧಿಸಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡಿದ್ದರೆ ಈ ಕಾರ್ಯವು ಒಂದು ಆಯುಷ್ಯದಲ್ಲಿ ಮುಗಿಯುವಂತಿರಲಿಲ್ಲ. ಸ್ವಂತದ ಮುದ್ರಣಾಲಯಕ್ಕೆ ಹಣವಿರಲಿಲ್ಲ, ಮನೆಯಿತ್ತು.

ಹಳಕಟ್ಟಿಯವರು ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವು ಸ್ಥಾಪಿತವಾಯಿತು. ಕುಟುಂಬವು ಬಾಡಿಗೆಯ ಮನೆಗೆ ಸಾಗಿತು.

ಈ ಒಂದು ವಾಕ್ಯವನ್ನು ಓದಿ ಸುಲಭವಾಗಿ ಮುಂದೆ ಹೋಗಬಾರದು. ಮನೆಯೆಂಬದು ಒಬ್ಬನ ಸೊತ್ತಲ್ಲ. ಅದರಲ್ಲಿ ಹೆಂಡತಿಯ ನೆಮ್ಮದಿಯಿತ್ತು, ಮಕ್ಕಳ ನಾಳೆಯಿತ್ತು. ಹಳಕಟ್ಟಿಯವರ ನಿಶ್ಚಯದ ಭಾರವನ್ನು ಅವರೊಡನೆ ಮನೆಯವರೆಲ್ಲರೂ ಹೊರಬೇಕಾಯಿತು. ಮುಂದಿನ ವರ್ಷಗಳಲ್ಲಿ ಬಡತನವು ಆ ಮನೆಯಲ್ಲಿಯೇ ನೆಲಸಿತು. ಲಕ್ಕಮ್ಮನವರು ಅಕ್ಕಿಯನ್ನು ಮರಳಿಸಿದಾಗ ಸತಿಪತಿಗಳಿಬ್ಬರೂ ಒಂದೇ ಮನಸ್ಸಿನಿಂದ ನಡೆದರೆಂದು ನಾವು ಕೊಂಡಾಡುತ್ತೇವೆ. ಹಳಕಟ್ಟಿಯವರ ಹೆಸರನ್ನು ನೆನೆಯುವಾಗ ಅವರ ಧರ್ಮಪತ್ನಿ ಭಾಗೀರಥಿಯವರ ಸಹನೆಯನ್ನೂ ನೆನೆಯುವದು ನ್ಯಾಯವಾದದ್ದು. ಗ್ರಂಥಗಳ ಮುಖಪುಟದಲ್ಲಿ ಆ ಹೆಸರು ಕಾಣದಿದ್ದರೂ ಗ್ರಂಥಗಳ ಬೆಲೆಯಲ್ಲಿ ಅವರ ಪಾಲೂ ಸೇರಿದೆ.

ಮುದ್ರಣಾಲಯವು ಬಂದ ಮೇಲೆ ದಿನಚರಿಯು ಅದರ ಸುತ್ತಲೂ ತಿರುಗತೊಡಗಿತು. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಒಂದೊಂದೇ ಮೊಳೆಯನ್ನು ಕೈಯಿಂದ ಜೋಡಿಸುವ ಕಾಲವದು. ಲೇಖನವನ್ನು ಬರೆಯುವದು, ಕರಡನ್ನು ತಿದ್ದುವದು, ಕಾಗದಕ್ಕೆ ಹಣವನ್ನು ಹೊಂದಿಸುವದು, ಚಂದಾದಾರರಿಗೆ ಪತ್ರ ಬರೆಯುವದು ಇವೆಲ್ಲವೂ ಅವರ ಪಾಲಿಗೆ ಬಂದವು. ಚಂದಾಹಣವು ಸಾಲದೆ ಹೋದರೂ ಶಿವಾನುಭವವು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಒಂದು ದಿನದ ಉತ್ಸಾಹದಿಂದ ಮನೆಯನ್ನು ಮಾರಬಹುದು. ಮೂವತ್ತು ವರ್ಷ ತಪ್ಪದೆ ಕರಡನ್ನು ತಿದ್ದಲು ನಿತ್ಯನೇಮವೇ ಬೇಕು.

ತೇಪೆ ಹಾಕಿದ ಹಳೆಯ ಕೋಟಿನಲ್ಲಿಯೇ ಅವರು ಸಭೆ ಸಮಾರಂಭಗಳಿಗೆ ಹೋಗುತ್ತಿದ್ದರೆಂದು ಕಂಡವರು ಹೇಳುತ್ತಿದ್ದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಅದರಿಂದ ಬಾಳಿನ ರೀತಿಯೇನೂ ಬದಲಾಗಲಿಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಲಗುಮ್ಮಟಕ್ಕಿಂತ ಮೊದಲು ವಚನಗುಮ್ಮಟವನ್ನು ನೋಡಬೇಕೆಂದು ಬಯಸಿ ಹಳಕಟ್ಟಿಯವರ ಮನೆಗೆ ಹೋದರೆಂಬ ಪ್ರಸಂಗವು ನಾಡಿನಲ್ಲಿ ಪ್ರಸಿದ್ಧವಾಗಿದೆ. ಆ ಮಾತಿನಲ್ಲಿ ಪ್ರಶಂಸೆಯಲ್ಲದೆ ಇನ್ನೊಂದು ಸತ್ಯವೂ ಅಡಗಿದೆ. ಹದಿನೇಳನೆಯ ಶತಮಾನದಲ್ಲಿ ಮಹಮ್ಮದ ಆದಿಲಶಾಹನು ತನ್ನ ಸಮಾಧಿಗಾಗಿ ಭಾರಿ ಗುಮ್ಮಟವನ್ನು ಎತ್ತಿಸಿದನು. ಅದೇ ಊರಿನಲ್ಲಿ ಈ ಶರಣರು ಇದ್ದ ಮನೆಯನ್ನೂ ಕೊಟ್ಟು ಶರಣರ ನುಡಿಗೆ ನೆಲೆಯನ್ನು ಕಟ್ಟಿದರು.

1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಅವರನ್ನು ಸನ್ಮಾನಿಸಿತು. ಹುಟ್ಟಿದ ಊರು ಅವರನ್ನು ಮರಳಿ ಕರೆದು ಗೌರವಿಸಿದಾಗ ಅವರಿಗೆ ಎಪ್ಪತ್ತಾರರ ಇಳಿವಯಸ್ಸು. 1964ರ ಜೂನ್ 29ರಂದು, ಎಂಬತ್ತನಾಲ್ಕು ವರ್ಷಗಳು ತುಂಬಲು ಮೂರು ದಿನಗಳಿರುವಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಬಿಟ್ಟುಹೋದ ಆಸ್ತಿಯನ್ನು ಲೆಕ್ಕ ಹಾಕುವದಾದರೆ ಹೆಚ್ಚೇನೂ ಇರಲಿಲ್ಲ. ಆದರೆ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಾಗ ಅದರ ಅಡಿಗಲ್ಲು ಯಾರದೆಂಬದು ವಿದ್ವಾಂಸರೆಲ್ಲರಿಗೂ ತಿಳಿದಿತ್ತು. ಅವರ ಜನ್ಮದಿನವಾದ ಜುಲೈ 2ನ್ನು ಈಗ ವಚನಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ.

ಎಲ್ಲರೂ ಮನೆಯನ್ನು ಮಾರಬೇಕೆಂದು ಈ ಚರಿತ್ರೆಯು ಕಲಿಸುವದಿಲ್ಲ. ಮಾರುವದೇ ಹಿರಿದಾಗಿದ್ದರೆ ಸಾಲಗಾರರೆಲ್ಲರೂ ಶರಣರಾಗುತ್ತಿದ್ದರು. ಹಳಕಟ್ಟಿಯವರು ಒಂದೊಂದು ವಸ್ತುವನ್ನೂ ಒಂದೊಂದು ಹೊತ್ತನ್ನೂ ತಮ್ಮ ಕಾಯಕಕ್ಕೆ ಸಲ್ಲುವದೋ ಇಲ್ಲವೋ ಎಂದು ತೂಗಿ ನೋಡಿದರು. ಸಲ್ಲುವದನ್ನು ಇಟ್ಟುಕೊಂಡರು, ಸಲ್ಲದ್ದನ್ನು ಬಿಟ್ಟರು. ಓಲೆಯ ಕಟ್ಟನ್ನು ಕೂಡ ತಮ್ಮದೆಂದು ಬಚ್ಚಿಡದೆ, ಅಚ್ಚು ಹಾಕಿಸಿ ಲೋಕಕ್ಕೆ ಒಪ್ಪಿಸಿದರು. ಸದ್ಭಕ್ತರು ವಚನಗ್ರಂಥವನ್ನು ಜಗಲಿಯ ಮೇಲಿಟ್ಟು ಕೈಮುಗಿಯುವಾಗ ಇದನ್ನು ನೆನೆಯಬೇಕು. ನೆನೆದು, ಆ ಗ್ರಂಥವನ್ನು ಕೆಳಗಿಳಿಸಿ, ದಿನಕ್ಕೊಂದಾದರೂ ವಚನವನ್ನು ಓದುವ ನೇಮವನ್ನು ಹಿಡಿಯಬೇಕು.